ಚರ್ಚ್‌ನಲ್ಲಿ ಹೊಗೆ, ನೀಲಿ ಲೈಟು, ಡ್ರಮ್ಸ್: ಭಕ್ತಿ ಬರದಿದ್ದದ್ದು ನನಗೊಬ್ಬನಿಗೇನಾ?

ಬಲ್ಮಠದ_ಹುಡುಗ:
ಸ್ವಲ್ಪ ಉದ್ದ ಆಗಬಹುದು, ಬೇಜಾರು ಮಾಡ್ಕೋಬೇಡಿ.

ನಾನು ಮಂಗಳೂರಿನವನು. ನಮ್ಮದು ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನಿಂದ ಬಂದ ಪ್ರಾಟೆಸ್ಟೆಂಟ್ ಮಿಷನ್) ಮನೆತನ, ಈಗ ಸಿಎಸ್‌ಐ (ದಕ್ಷಿಣ ಭಾರತ ಸಭೆ). ಕೆಲಸಕ್ಕೆಂದು ಬೆಂಗಳೂರಿಗೆ ಬಂದು 11 ವರ್ಷ ಆಯಿತು. ಹೋದ ತಿಂಗಳು ಅಮ್ಮ ಬಂದಿದ್ದರು. ನಾನು ಹೋಗುವ ಚರ್ಚ್ ದೂರ, ಅಮ್ಮನಿಗೆ ಮಂಡಿನೋವು. ಮನೆ ಹತ್ತಿರ ಒಂದು ಹೊಸ ಸಭೆ ಇದೆ. ಬೆಳಿಗ್ಗೆ ಒಂಬತ್ತಕ್ಕೆ ಕನ್ನಡ ಆರಾಧನೆ. ಸರಿ, ಅಲ್ಲಿಗೇ ಹೋದೆವು.

ಒಳಗೆ ಕಾಲಿಟ್ಟರೆ ಕತ್ತಲು. ಕಿಟಕಿಗಳಿಗೆಲ್ಲ ಕಪ್ಪು ಪರದೆ. ಸ್ಕ್ರೀನ್ ಮೇಲೆ ಐದು ನಿಮಿಷದ ಗಡಿಯಾರ ಹಿಂದಕ್ಕೆ ಓಡುತ್ತಿತ್ತು. ಅದು ಸೊನ್ನೆಗೆ ಬಂದಿದ್ದೇ ತಡ, ನೀಲಿ ಲೈಟು, ಹೊಗೆ, ಡ್ರಮ್ಸ್. ಮುಂದೆ ಐದು ಜನ ಹಾಡುತ್ತಿದ್ದರು. 'ಕೈ ಎತ್ತಿ! ಇನ್ನೂ ಜೋರಾಗಿ! ಕೇಳಿಸ್ತಾ ಇಲ್ಲ!' ಎಂದು ಮೈಕ್‌ನಲ್ಲಿ ಹುರಿದುಂಬಿಸುತ್ತಿದ್ದರು. ಒಂದೇ ಸಾಲನ್ನು ಹತ್ತು ಹನ್ನೆರಡು ಸಲ ಹಾಡಿದರು. ಪಾಪದ ಅರಿಕೆ ಇಲ್ಲ, ವಿಶ್ವಾಸ ಪ್ರಮಾಣ ಇಲ್ಲ. ಕಾಣಿಕೆ ಹೊತ್ತಿಗೆ ಸ್ಕ್ರೀನ್ ಮೇಲೆ ಕ್ಯೂಆರ್ ಕೋಡ್ ಬಂತು. ಪ್ರಸಂಗ, ಅಂದರೆ ಪಾಸ್ಟರ್ ಉಪದೇಶ, 50 ನಿಮಿಷ. ಅದರಲ್ಲಿ ಎರಡು ಜೋಕ್ ಚೆನ್ನಾಗಿದ್ದವು, ಸುಳ್ಳು ಹೇಳಬಾರದು.

ನಾನು ಒಂದೂವರೆ ಗಂಟೆ ವಾಚ್ ನೋಡುತ್ತಾ ನಿಂತಿದ್ದೆ. ಪಕ್ಕಕ್ಕೆ ತಿರುಗಿದರೆ ಅಮ್ಮ, 74 ವರ್ಷದ ನಮ್ಮಮ್ಮ, ಚಪ್ಪಾಳೆ ತಟ್ಟಿಕೊಂಡು ಹಾಡುತ್ತಿದ್ದಾರೆ. ಕಣ್ಣಲ್ಲಿ ನೀರು.

ಇದು ಆರಾಧನೆಯಾ, ಪ್ರೋಗ್ರಾಮಾ? ಅಥವಾ ನನ್ನ ಮನಸ್ಸೇ ಒಣಗಿ ಹೋಗಿದೆಯಾ?

ಹಳೇ_ಟೆನರ್:
ಒಣಗಿದ್ದು ನಿಮ್ಮ ಮನಸ್ಸಲ್ಲ ಮಾರಾಯ್ರೆ. ನಾನು 41 ವರ್ಷ ಗಾಯನ ತಂಡದಲ್ಲಿ ಹಾಡಿದವ. ನಾವು ಚಿಕ್ಕವರಿದ್ದಾಗ ದೇವಾಲಯದ ಒಳಗೆ ಬಂದವರು ಮೊದಲು ಮಾಡುತ್ತಿದ್ದದ್ದು ಒಂದೇ: ಬೆಂಚಿನಲ್ಲಿ ಕೂತು ತಲೆ ತಗ್ಗಿಸುವುದು. ಒಂದು ನಿಮಿಷ ಯಾರಿಗೂ ಯಾರೂ ಕಾಣುತ್ತಿರಲಿಲ್ಲ. ಆಮೇಲೆ ಗೋಡೆಯ ಹಲಗೆ ನೋಡಿ ಹಾಡಿನ ನಂಬರ್ ಹುಡುಕಿ, ಸಂಗೀತ ಪುಸ್ತಕದಲ್ಲಿ ಬೆರಳು ಇಟ್ಟುಕೊಳ್ಳುವುದು. ಶನಿವಾರ ಸಂಜೆ ಪ್ರಾಕ್ಟೀಸ್ ಇರುತ್ತಿತ್ತು. ಸೊಪ್ರಾನೊ, ಆಲ್ಟೊ, ಟೆನರ್, ಬಾಸ್, ಏರಿನಿಂದ ಇಳಿವರೆಗಿನ ನಾಲ್ಕೂ ದನಿ ಕೂಡಿ ಬಂದರೆ ಮೈ ಜುಮ್ ಅನ್ನುತ್ತಿತ್ತು. ಯಾರೂ 'ಕೈ ಎತ್ತಿ' ಅಂತ ಹೇಳಬೇಕಾಗಿರಲಿಲ್ಲ.

ದೇವರ ಮುಂದೆ ನಿಂತಿದ್ದೇವೆ ಅನ್ನುವ ಅಂಜಿಕೆಯೇ ಈಗ ಹೋಗಿದೆ. ಕೈಯಲ್ಲಿ ಕಾಫಿ ಕಪ್ ಹಿಡಿದುಕೊಂಡು ಒಳಗೆ ಬರುತ್ತಾರಂತೆ ಕೆಲವು ಕಡೆ!

ಗಿಟಾರ್_ಕೈ:
ಅಂಕಲ್, ಬೇಸರ ಮಾಡ್ಕೋಬೇಡಿ, ಒಂದು ಪ್ರಶ್ನೆ. ಆ ನಾಲ್ಕು ಸ್ವರದ ಹಾಡುಗಳ ರಾಗ ಎಲ್ಲಿಯದು? ಜರ್ಮನಿಯದು. 1834ರಲ್ಲಿ ಬಾಸೆಲ್‌ನವರು ಮಂಗಳೂರಿಗೆ ಬಂದು ಆ ರಾಗಗಳಿಗೆ ಕನ್ನಡ ಪದ ಕೂರಿಸುವಾಗ ಊರಿನವರಿಗೆ ಅದೂ ವಿಚಿತ್ರವಾಗಿಯೇ ಕೇಳಿಸಿರಬೇಕು. ಕನ್ನಡದ ದೀರ್ಘ ಇರುವಲ್ಲಿ ರಾಗ ಓಡುತ್ತದೆ, ಹ್ರಸ್ವ ಇರುವಲ್ಲಿ ಎಳೆಯುತ್ತದೆ. ನಿಮಗೆ ಅಭ್ಯಾಸವಾಗಿದೆ, ಅಷ್ಟೆ. ನಮಗೆ ಡ್ರಮ್ಸ್ ಅಭ್ಯಾಸ.

ನನ್ನ ವಯಸ್ಸು 23. ನಾನು ಚರ್ಚ್‌ಗೆ ವಾಪಸ್ ಬಂದಿದ್ದೇ ಗಿಟಾರ್‌ನಿಂದ. ಮೊದಲ ವರ್ಷ ದೇವರಿಗೋಸ್ಕರ ಬಂದೆ ಅಂದರೆ ಸುಳ್ಳಾಗುತ್ತದೆ.

ಹಳೇ_ಟೆನರ್:
ತಮ್ಮಾ, ನೀನು ಹೇಳಿದ್ದು ಅರ್ಧ ಸರಿ. ಆ ತೊಡಕು ಅಂದಿನವರಿಗೂ ಗೊತ್ತಿತ್ತು. ನಿಘಂಟಿನ ಕಿಟ್ಟೆಲ್ ಇದ್ದಾರಲ್ಲ, ಅವರು 1862ರಲ್ಲೇ 'ಕಥಾಮಾಲೆ' ಎಂದು ಯೇಸುವಿನ ಚರಿತ್ರೆಯನ್ನು ನಮ್ಮ ದೇಸಿ ಛಂದಸ್ಸಿನಲ್ಲಿ ಬರೆದರು. ನಾಗವರ್ಮನ ಛಂದಸ್ಸನ್ನು 1875ರಲ್ಲಿ ಅಚ್ಚು ಹಾಕಿಸಿದ್ದೂ ಅವರೇ. ಪರದೇಶದ ಪಾದ್ರಿಗೆ ಕನ್ನಡದ ಲಯ ಬೇಕೆನಿಸಿತು, ನಮಗೆ ಮಾತ್ರ ಜರ್ಮನ್ ರಾಗವೇ ಭಕ್ತಿ ಅನಿಸಿಬಿಟ್ಟಿತು. ಇದನ್ನು ಒಪ್ಪುತ್ತೇನೆ.

ಇನ್ನೂ ಒಂದು ಒಪ್ಪಿಕೊಳ್ಳುತ್ತೇನೆ. ಪ್ರಸಂಗದ ಹೊತ್ತಿಗೆ ನಾವು ಟೆನರ್‌ಗಳು ಹಿಂದಿನ ಸಾಲಿನಲ್ಲಿ ಬಂಗುಡೆ ರೇಟ್ ಮಾತಾಡಿದ್ದೂ ಉಂಟು.

ಗಂಟೆ_ಹುಡುಗ:
ನಾನು ಕಥೋಲಿಕ. ಚಿಕ್ಕಂದಿನಲ್ಲಿ ಪೂಜೆಗೆ ಗಂಟೆ ಬಾರಿಸುತ್ತಿದ್ದೆ, ಅದಕ್ಕೇ ಈ ಹೆಸರು.

ಈ ಜಗಳ ನಮ್ಮಲ್ಲಿ ಬಹಳ ಹಳೆಯದು. 1903ರಲ್ಲಿ ಹತ್ತನೇ ಪಿಯುಸ್ ಪೋಪರು ಚರ್ಚ್ ಸಂಗೀತದ ಬಗ್ಗೆ ಒಂದು ಆದೇಶ ಹೊರಡಿಸಿದರು. ಡ್ರಮ್, ತಾಳ ಬೇಡ ಎಂದಿದ್ದು ಸರಿ, ಪಿಯಾನೋ ಕೂಡ ಬೇಡ ಎಂದಿದ್ದರು! ಇವತ್ತು ಪಿಯಾನೋ ಕೇಳಿದರೆ 'ಆಹಾ, ಎಷ್ಟು ಶಾಂತ' ಅನ್ನುತ್ತೇವೆ.

ನಮ್ಮಜ್ಜಿ ಲ್ಯಾಟಿನ್ ಪೂಜೆ ಕಂಡವರು. ಗುರುಗಳು ಜನರಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು, ಅಜ್ಜಿಗೆ ಒಂದು ಪದವೂ ತಿಳಿಯುತ್ತಿರಲಿಲ್ಲ. ಪೂಜೆ ನಡೆಯುವಷ್ಟು ಹೊತ್ತು ಅವರು ತಮ್ಮ ಪಾಡಿಗೆ ಜಪಸರ ಎಣಿಸುತ್ತಿದ್ದರು. ಗಂಟೆ ಕೇಳಿದಾಗ ತಲೆ ಎತ್ತುತ್ತಿದ್ದರು. ಗೌರವ ಬೇಕಾದಷ್ಟಿತ್ತು, ಪಾಲು ಇರಲಿಲ್ಲ. 1963ರ ಡಿಸೆಂಬರ್‌ನಲ್ಲಿ ಕಥೋಲಿಕ ಬಿಷಪರ ಎರಡನೇ ವ್ಯಾಟಿಕನ್ ಮಹಾಸಭೆ ಜನರ ಭಾಷೆಗೆ ಬಾಗಿಲು ತೆರೆಯಿತು. ಆಮೇಲೆ ಅಜ್ಜಿಗೆ ಪದ ತಿಳಿಯಿತು. ಆದರೆ 'ಆ ಗಾಂಭೀರ್ಯ ಹೋಯ್ತು' ಅಂತ ಸಾಯುವ ತನಕ ಗೊಣಗಿದರು. ಎರಡೂ ನಿಜವೇ.

1969ರಲ್ಲಿ ಭಾರತದ ಬಿಷಪರು ಕೇಳಿದ 12 ಬದಲಾವಣೆಗಳಿಗೆ ರೋಮ್ ಒಪ್ಪಿಗೆ ಕೊಟ್ಟಿತು. ಚಪ್ಪಲಿ ಬಿಟ್ಟು ನೆಲದ ಮೇಲೆ ಕೂರಬಹುದು, ಕೈ ಮುಗಿದು ಶಾಂತಿ ಹಂಚಬಹುದು, ಎಣ್ಣೆ ದೀಪ ಹಚ್ಚಬಹುದು, ಮೊಣಕಾಲೂರಿ ಹಣೆ ನೆಲಕ್ಕೆ ಮುಟ್ಟಿಸುವ ಪಂಚಾಂಗ ಪ್ರಣಾಮ, ಆರತಿ. ಈ ಕೆಲಸಕ್ಕೆ ಹೆಗಲು ಕೊಟ್ಟ ಫಾದರ್ ಅಮಲೋರ್‌ಪವದಾಸ್ ಅವರ ಕೇಂದ್ರ ಇದ್ದದ್ದು ನಮ್ಮ ಬೆಂಗಳೂರಿನಲ್ಲೇ. ಆಗಲೂ ಗಲಾಟೆ. 'ಇದೇನು ಚರ್ಚೋ, ಗುಡಿಯೋ' ಅಂದರು. ಯಾರ ಬಾಯಿಂದ? ದಿನಾ ಮನೆಯಲ್ಲಿ ಚಪ್ಪಲಿ ಹೊರಗೆ ಬಿಡುವವರ ಬಾಯಿಂದಲೇ. ಮನೆಗೆ ಇರುವ ಮರ್ಯಾದೆ ದೇವಾಲಯಕ್ಕೆ ಬೇಡವಾ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಬೀದರ್_ಅಕ್ಕ:
ಚಪ್ಪಲಿ ವಿಷಯ ಬಂತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಕಡೆ ಹಳ್ಳಿ ಮೆಥೋಡಿಸ್ಟ್ ಚರ್ಚ್‌ಗಳಲ್ಲಿ ಇದಕ್ಕೆ ಯಾರ ಆದೇಶವೂ ಬೇಕಾಗಿಲ್ಲ. ಚಪ್ಪಲಿ ಹೊರಗೆ. ಜಮಖಾನದ ಮೇಲೆ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ತಲೆ ಮೇಲೆ ಸೆರಗು. ಹಾರ್ಮೋನಿಯಂ, ತಬಲಾ, ತಾಳ. ಭಜನೆ ಶುರುವಾದರೆ ಸಣ್ಣ ಮಕ್ಕಳು ಕುಣಿಯುತ್ತಾರೆ. ಪ್ರಾರ್ಥನೆ ಹೊತ್ತಿಗೆ ಎಲ್ಲರೂ ಒಟ್ಟಿಗೆ, ಜೋರಾಗಿ, ಅವರವರ ಕಷ್ಟ ಹೇಳಿಕೊಳ್ಳುತ್ತಾರೆ. ಮಳೆ ಇಲ್ಲ, ಮಗನಿಗೆ ಕುಡಿತ, ಎಮ್ಮೆ ಹಾಲು ಕೊಡುತ್ತಿಲ್ಲ. ಹೊಸಬರಿಗೆ ಸಂತೆ ಅನಿಸಬಹುದು. ಅಲ್ಲಿ ಗದ್ದಲ ಇದೆ, ಭಯಭಕ್ತಿಯೂ ಇದೆ. ಹಾಗಾಗಿ ಡ್ರಮ್ಸ್ ಇದೆ ಅಂದ ಮಾತ್ರಕ್ಕೆ ಭಕ್ತಿ ಇಲ್ಲ ಅನ್ನಬೇಡಿ.

ನನ್ನಪ್ಪ ಪಾಸ್ಟರ್ ಆಗಿದ್ದರು. ಅವರು ಒಂದು ಮಾತು ತೋರಿಸುತ್ತಿದ್ದರು. ಬೈಬಲ್‌ನಲ್ಲಿ ಹನ್ನ ಎಂಬಾಕೆ ಗುಡಿಯಲ್ಲಿ ಮಗುವಿಗಾಗಿ ಬೇಡುವಾಗ ಬರೀ ತುಟಿ ಅಲುಗುತ್ತಿತ್ತು, ದನಿ ಇರಲಿಲ್ಲ. ಯಾಜಕ ಏಲಿ ನೋಡಿ, ಈಕೆ ಕುಡಿದಿದ್ದಾಳೆ ಅಂದುಕೊಂಡ. ಪಂಚಾಶತ್ತಮ ದಿನ, ಪವಿತ್ರಾತ್ಮ ಇಳಿದು ಬಂದ ದಿನ, ಯೇಸುವಿನ ಶಿಷ್ಯರು ಎಲ್ಲ ಭಾಷೆಯಲ್ಲಿ ಕೂಗಿದಾಗ ಜನ, ಇವರು ಕುಡಿದಿದ್ದಾರೆ ಅಂದರು. ಸುಮ್ಮನಿದ್ದವಳಿಗೂ ಅದೇ ಮಾತು, ಕೂಗಿದವರಿಗೂ ಅದೇ ಮಾತು. ಪಕ್ಕದವರ ಪ್ರಾರ್ಥನೆಗೆ ಮಾರ್ಕ್ಸ್ ಹಾಕುವುದರಲ್ಲಿ ನಾವು ಯಾವಾಗಲೂ ಫೇಲ್ ಅಂತಿದ್ದರು ಅಪ್ಪ.

ಮಳೆಗಾಲ:
ಅಷ್ಟು ಜೋರಾಗಿ ಹಾಡುವುದಕ್ಕೆ ದೇವರಿಗೇನು ಕಿವುಡಾ? 😄

ಬೀದರ್_ಅಕ್ಕ:
ದೇವರಿಗೆ ಕಿವುಡೂ ಇಲ್ಲ, ಬಿಪಿಯೂ ಇಲ್ಲ ಅಣ್ಣಾ. ಇರುವುದು ನಮಗೆ.

ಸೌಂಡ್_ಡೆಸ್ಕ್:
ಕಿವಿ ವಿಷಯ ನನ್ನ ಡಿಪಾರ್ಟ್‌ಮೆಂಟು. ಬೆಂಗಳೂರಿನ ಒಂದು ಹೊಸ ಸಭೆಯಲ್ಲಿ ನಾನು ಸೌಂಡ್ ನೋಡಿಕೊಳ್ಳುತ್ತೇನೆ. ಬಲ್ಮಠದ ಬ್ರದರ್ ಹೋದದ್ದು ನಮ್ಮ ಸಭೆಗೇ ಇದ್ದರೂ ಇರಬಹುದು. ಹೊಗೆ, ನೀಲಿ ಲೈಟು ಎಲ್ಲ ನಮ್ಮಲ್ಲೂ ಇದೆ.

ಒಳಗಿನ ಮಾತು ಹೇಳುತ್ತೇನೆ. ನಾವು ಎರಡು ತಪ್ಪು ಮಾಡುತ್ತಿದ್ದೇವೆ, ಎರಡಕ್ಕೂ ದೇವಶಾಸ್ತ್ರ ಬೇಕಿಲ್ಲ.

ಒಂದು, ಸೌಂಡ್. 85 ಡೆಸಿಬೆಲ್ ಎಂಟು ಗಂಟೆ ಕೇಳಬಹುದು. ಅದರ ಮೇಲೆ ಪ್ರತಿ ಮೂರು ಡೆಸಿಬೆಲ್‌ಗೆ ಹೊತ್ತು ಅರ್ಧ ಆಗುತ್ತದೆ. 100ಕ್ಕೆ ಹೋದರೆ ಬರೀ 15 ನಿಮಿಷ. ನಾನು ಮೀಟರ್ ಇಟ್ಟು ನೋಡಿದ್ದೇನೆ, ಚಿಕ್ಕ ಹಾಲ್‌ನಲ್ಲಿ ಡ್ರಮ್ಸ್ ಇದ್ದರೆ 100 ಮುಟ್ಟುವುದು ಏನೂ ಕಷ್ಟವಲ್ಲ. ಕಿವಿ ಹಾಳಾಗುವುದು ಹಾಗಿರಲಿ. ತಮ್ಮ ದನಿ, ಪಕ್ಕದವರ ದನಿ ಎರಡೂ ಕೇಳಿಸದಿದ್ದರೆ ಜನ ಹಾಡುವುದನ್ನು ನಿಲ್ಲಿಸುತ್ತಾರೆ. ಬಾಯಿ ಅಲುಗುತ್ತದೆ, ಅಷ್ಟೆ. ಆಗ ಸ್ಟೇಜ್ ಮೇಲಿನವರು 'ಕೇಳಿಸ್ತಾ ಇಲ್ಲ, ಜೋರಾಗಿ' ಅನ್ನುತ್ತಾರೆ. ಹೇಗೆ ಕೇಳಿಸಬೇಕು? ಅವರ ಕಿವಿಯಲ್ಲಿ ಇಯರ್‌ಫೋನ್ ಇದೆ!

ಎರಡು, ಸ್ಕೇಲ್, ಅಂದರೆ ಹಾಡಿನ ಶ್ರುತಿ. ಯೂಟ್ಯೂಬ್‌ನಲ್ಲಿ ಹಿಟ್ ಆದ ಹಾಡನ್ನು ಅದೇ ಸ್ಕೇಲ್‌ನಲ್ಲಿ ಹಾಡುತ್ತಾರೆ. ಅದು ಸ್ಟುಡಿಯೋದಲ್ಲಿ ಒಬ್ಬ ಹೈ ಪಿಚ್ ಗಾಯಕನಿಗೆ ಅಂತ ಮಾಡಿದ್ದು. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಟೀ ಕುಡಿದು ಬಂದ ಗಂಡಸಿನ ಗಂಟಲು ಅಲ್ಲಿಗೆ ಏರುತ್ತದಾ? ಅವನು ಕೈ ಕಟ್ಟಿ ನಿಲ್ಲುತ್ತಾನೆ. ಅವನನ್ನು ನೋಡಿ ನಾವು 'ಭಕ್ತಿ ಇಲ್ಲ' ಅನ್ನುತ್ತೇವೆ.

ಹಳೇ_ಟೆನರ್:
ಸೌಂಡಿನವರೇ, ನಿಮಗೊಂದು ದೊಡ್ಡ ನಮಸ್ಕಾರ. 41 ವರ್ಷದಲ್ಲಿ ನಾವು ಕಲಿತದ್ದನ್ನು ನೀವು ಮೀಟರ್ ಇಟ್ಟು ಹೇಳಿದಿರಿ. ತಂಡ ಇರುವುದು ಸಭೆಯನ್ನು ಹಾಡಿಸುವುದಕ್ಕೆ, ಸಭೆಯ ಬದಲಿಗೆ ಹಾಡುವುದಕ್ಕಲ್ಲ. ಈ ರೋಗ ನಮ್ಮಲ್ಲೂ ಇತ್ತು. ಕ್ರಿಸ್‌ಮಸ್‌ಗೆ ನಾವು ಕಷ್ಟದ ಆಂಥಮ್ (ಗಾಯನ ತಂಡಕ್ಕೆಂದೇ ಇರುವ ಹಾಡು) ಕಲಿತು ಹಾಡುತ್ತಿದ್ದೆವು. ಜನ ಕೂತು ಕೇಳಿ 'ಚೆನ್ನಾಗಿತ್ತು' ಅಂದು ಹೋಗುತ್ತಿದ್ದರು. ಅದಕ್ಕೂ ಹೊಗೆ ಲೈಟಿಗೂ ಏನು ವ್ಯತ್ಯಾಸ ಅಂತ ಈಗ ಯೋಚನೆಗೆ ಹತ್ತಿದೆ.

ಗಿಟಾರ್_ಕೈ:
ಸ್ಕೇಲ್ ಮಾತು ನಾಟಿತು. ನಮ್ಮ ತಂಡದಲ್ಲಿ ನಾನೇ ಸ್ಕೇಲ್ ಹೇಳುವವನು. ಗಿಟಾರ್‌ನಲ್ಲಿ ಬೆರಳಿಗೆ ಸುಲಭ ಆಗುವುದನ್ನು ನೋಡುತ್ತೇನೆ, ಜನರ ಗಂಟಲು ನೋಡುವುದಿಲ್ಲ. ನಿಜ.

ಆದರೆ ಹಳೇ ಪದ್ಧತಿಯಲ್ಲೂ ಕಪಟ ಇಲ್ಲವಾ? ಪುಸ್ತಕ ನೋಡಿ 'ನಾವು ಮಹಾ ಪಾಪಿಗಳು' ಎಂದು ಓದುತ್ತಾರೆ, ಹೊರಗೆ ಬಂದು ಕಮಿಟಿ ಎಲೆಕ್ಷನ್‌ಗೆ ಕಾಲರ್ ಹಿಡಿದುಕೊಳ್ಳುತ್ತಾರೆ. ತುಟಿ ಹತ್ತಿರ, ಹೃದಯ ದೂರ ಅಂತ ಬೈಬಲ್‌ನಲ್ಲಿ ಪ್ರವಾದಿ ಯೆಶಾಯ ಹೇಳಿದ್ದು ಗಿಟಾರ್ ಹಿಡಿದವರಿಗೆ ಮಾತ್ರ ಅಲ್ಲ.

ಗಂಟೆ_ಹುಡುಗ:
ಎಲೆಕ್ಷನ್ ವಿಷಯಕ್ಕೆ ಹೋದರೆ ಈ ಚರ್ಚೆ ಇವತ್ತಿಗೆ ಮುಗಿಯಲ್ಲ ತಮ್ಮಾ. 😀

ಮೊಬೈಲ್ ಬಗ್ಗೆ ಯಾರೂ ಮಾತಾಡಿಲ್ಲ ಯಾಕೆ? ನನ್ನ ಕಣ್ಣಿಗೆ ಡ್ರಮ್ಸ್‌ಗಿಂತ ದೊಡ್ಡ ತೊಂದರೆ ಅದು. 2017ರಲ್ಲಿ ಫ್ರಾನ್ಸಿಸ್ ಪೋಪರು ಸಿಟ್ಟಾಗಿದ್ದರು. ಪೂಜೆಯಲ್ಲಿ ಗುರುಗಳು ಹೃದಯ ಮೇಲಕ್ಕೆತ್ತಿ ಅನ್ನುತ್ತಾರೆ, ಫೋನ್ ಮೇಲಕ್ಕೆತ್ತಿ ಅನ್ನುವುದಿಲ್ಲ ಎಂಬ ಅರ್ಥದಲ್ಲಿ ಹೇಳಿದರು. ಫೋಟೋ ತೆಗೆಯುವ ಬಿಷಪರನ್ನೂ ಬಿಡಲಿಲ್ಲ.

ಮದುವೆಗಳಂತೂ ಕೇಳಲೇಬೇಡಿ. ನಮ್ಮ ಸಂಬಂಧಿಕರ ಮದುವೆಯಲ್ಲಿ ಉಂಗುರ ಹಾಕುವಾಗ ವಿಡಿಯೋದವನು ಪೀಠದ ಮೆಟ್ಟಿಲ ಮೇಲೆ ಹತ್ತಿ, 'ಫಾದರ್, ಸ್ವಲ್ಪ ಪಕ್ಕಕ್ಕೆ. ಸರ್, ಇನ್ನೊಂದ್ಸಲ ಹಾಕಿ, ಫೋಕಸ್ ಬರಲಿಲ್ಲ' ಅಂದ. ಹುಡುಗ ಉಂಗುರ ತೆಗೆದು ಮತ್ತೆ ಹಾಕಿದ! ಪ್ರಮಾಣ ಯಾವುದು, ರಿಹರ್ಸಲ್ ಯಾವುದು? ಫಾದರ್ ಮುಖ ನೋಡಬೇಕಿತ್ತು.

ಬಲ್ಮಠದ_ಹುಡುಗ:
ನಾನೇ ಶುರು ಮಾಡಿ ಕಾಣೆಯಾದೆ, ಸಾರಿ. ಅಮ್ಮನನ್ನು ಊರಿಗೆ ಬಿಟ್ಟು ಬಂದೆ.

ಬಸ್‌ನಲ್ಲಿ ಕೇಳಿಯೇ ಬಿಟ್ಟೆ. 'ಅಮ್ಮಾ, ಆವತ್ತು ಆ ಗಲಾಟೆಯಲ್ಲಿ ನಿಮಗೆ ಏನು ಇಷ್ಟ ಆಯ್ತು?' ನಾನು ಏನೋ ದೊಡ್ಡ ಉತ್ತರ ಬರುತ್ತದೆ ಅಂದುಕೊಂಡಿದ್ದೆ. ಅವರು ಹೇಳಿದ್ದು: 'ಅಕ್ಷರ ದೊಡ್ಡದಿತ್ತು ಮಗಾ.'

ಅಮ್ಮನ ಕಣ್ಣು ಮಂದ. ಸಂಗೀತ ಪುಸ್ತಕದ ಸಣ್ಣಕ್ಷರ ಕಾಣದೆ ಮೂರು ವರ್ಷ ಆಗಿದೆಯಂತೆ. ಬಾಯಿಪಾಠ ಇರುವ ಹಾಡು ಬಂದರೆ ಸರಿ, ಇಲ್ಲವಾದರೆ ಪುಸ್ತಕ ಬಿಡಿಸಿ ಹಿಡಿದುಕೊಂಡು ಸುಮ್ನೆ ತುಟಿ ಅಲುಗಿಸುತ್ತಿದ್ದರಂತೆ. 'ಗೊತ್ತಾದರೆ ನಾಚಿಕೆ' ಅಂದರು. ಆ ಕತ್ತಲೆ ಹಾಲ್‌ನಲ್ಲಿ ಗೋಡೆಯಷ್ಟು ದೊಡ್ಡ ಕನ್ನಡ ಅಕ್ಷರ ಕಂಡು, ಮೂರು ವರ್ಷದ ಮೇಲೆ ಪೂರ್ತಿ ಹಾಡು ಹಾಡಿದರಂತೆ. ಹೊಗೆ ಬಗ್ಗೆ ಕೇಳಿದೆ. 'ಸೊಳ್ಳೆಗೆ ಹಾಕಿದ್ದು ಅಲ್ವಾ?' ಅಂದರು.

ನಾನು ವಾಚ್ ನೋಡುತ್ತಿದ್ದೆ. ಅದೇ ಯೋಚನೆ ಹೋಗುತ್ತಿಲ್ಲ.

ಬೀದರ್_ಅಕ್ಕ:
ಅಮ್ಮನವರಿಗೆ ನನ್ನ ಸಲಾಂ ಹೇಳಿ ತಮ್ಮಾ. ಹನ್ನಳ ಕಥೆ ಬರೆದಾಗ ನಿಮ್ಮ ಮನೆಯಲ್ಲೇ ಅಲುಗುವ ತುಟಿ ಇದೆ ಅಂತ ನನಗೆ ಗೊತ್ತಿರಲಿಲ್ಲ.

ಹಳೇ_ಟೆನರ್:
ಸೊಳ್ಳೆಗೆ! ನಕ್ಕು ನಕ್ಕು ಸಾಕಾಯಿತು. ಆದರೆ ಒಂದು ಸಂಕಟವೂ ಆಯಿತು. ನಮ್ಮ ಸಭೆಯಲ್ಲಿ ಹೀಗೆ ತುಟಿ ಅಲುಗಿಸುವವರು ಎಷ್ಟು ಜನ ಇದ್ದಾರೋ. ನಾನು ಎದುರಿಗೇ ನಿಂತು ಹಾಡುವವ, ನನಗೆ ತಿಳಿಯಲಿಲ್ಲ.

ಸೌಂಡ್_ಡೆಸ್ಕ್:
ಕನ್ನಡ ಅಕ್ಷರ ಹಾಕಿದ್ದಾರಲ್ಲ, ಆ ಸಭೆ ಪುಣ್ಯ ಕಟ್ಟಿಕೊಂಡಿತು. ಹಾಗಾದರೆ ಅದು ನಮ್ಮದಲ್ಲ ಬಿಡಿ. ನಮ್ಮಲ್ಲಿ ಕನ್ನಡ ಹಾಡನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕುತ್ತಾರೆ, ಮಕ್ಕಳಿಗೆ ಕನ್ನಡ ಓದಲು ಬರಲ್ಲ ಅಂತ. ಮುಂದಿನ ಸಾಲಿನಲ್ಲಿರುವ ಅಜ್ಜಿಯರು ಯಾವತ್ತೂ ದೂರು ಹೇಳಿಲ್ಲ. ಹೇಳಲ್ಲ ಅನ್ನುವುದೇ ಈಗ ಭಯ ಆಗುತ್ತಿದೆ.

ದುಬೈ_ಕನ್ನಡಿಗ:
ನಮ್ಮ ಕಥೆ ಬೇರೆ. ಇಲ್ಲಿ ಹಲವು ಚರ್ಚ್‌ಗಳು ಒಂದೇ ಕಾಂಪೌಂಡಿನಲ್ಲಿ. ಒಂದು ಹಾಲ್, ಹತ್ತಾರು ಭಾಷೆ. ಮಲಯಾಳಂನವರು ಮುಗಿಸಿ ಹೊರಗೆ ಬರುತ್ತಿದ್ದ ಹಾಗೆ ನಾವು ಒಳಗೆ. ನಮ್ಮ ಹೊತ್ತು ಮುಗಿಯುವ ಮೊದಲೇ ಫಿಲಿಪ್ಪೀನ್ಸ್‌ನ ತಗಾಲೊಗ್‌ನವರು ಬಾಗಿಲಲ್ಲಿ. ಒಂದೇ ಸಾಲನ್ನು 12 ಸಲ ಹಾಡಲು ಟೈಮೇ ಇಲ್ಲ! 2021ರ ಕೊನೆಯವರೆಗೆ ಇಲ್ಲಿ ಶುಕ್ರವಾರ ರಜೆ. ಹಾಗಾಗಿ ನಮ್ಮ 'ಭಾನುವಾರ' ಶುಕ್ರವಾರ ಇರುತ್ತಿತ್ತು. ಊರಿನವರಿಗೆ ಹೇಳಿದರೆ, 'ಕರ್ತನ ದಿನ ಬದಲಾಯಿಸೋಕೆ ನೀವ್ಯಾರು' ಅನ್ನುತ್ತಿದ್ದರು. ಕಂಪನಿ ಬಸ್‌ನಲ್ಲಿ ಬರುವ ಹುಡುಗರು ನೈಟ್ ಶಿಫ್ಟ್ ಮುಗಿಸಿ ಯೂನಿಫಾರ್ಮ್‌ನಲ್ಲೇ ಕೂರುತ್ತಾರೆ. ಪ್ರಸಂಗಕ್ಕೆ ನಿದ್ದೆ ಹೋಗುತ್ತಾರೆ. ನಮ್ಮ ಪಾಸ್ಟರ್ ಎಬ್ಬಿಸಬೇಡಿ ಅನ್ನುತ್ತಾರೆ.

ಮಳೆಗಾಲ:
ಮೊದಲು ತಮಾಷೆ ಮಾಡಿದೆ, ಈಗ ಸೀರಿಯಸ್ಸಾಗಿ ಕೇಳುತ್ತೇನೆ. ಹಾಗಾದರೆ ಏನು ಮಾಡಿದರೂ ನಡೆಯುತ್ತಾ? ಮನಸ್ಸು ಶುದ್ಧ ಇದ್ದರೆ ಸಾಕು, ಕಾಫಿ ಕಪ್ ಹಿಡಿದು ಪ್ರಭುಭೋಜನಕ್ಕೂ (ರೊಟ್ಟಿ, ದ್ರಾಕ್ಷಾರಸ ಹಂಚುವ ವಿಧಿಗೂ) ಹೋಗಬಹುದಾ?

ಗಂಟೆ_ಹುಡುಗ:
ಹೋಗಬಾರದು ಅನ್ನುವವನು ನಾನು. ಮೈ ಮಾಡಿದ್ದನ್ನು ಮನಸ್ಸು ಹಿಂಬಾಲಿಸುತ್ತದೆ. ಅಂಜಿಕೆ ಇಲ್ಲದ ದಿನವೂ ಮೊಣಕಾಲೂರಿದರೆ ಸ್ವಲ್ಪ ಹೊತ್ತಿನಲ್ಲಿ ಅಂಜಿಕೆ ಬಂದು ಕೂರುತ್ತದೆ, ನನ್ನ ಅನುಭವ. ಹಾಗಂತ ಮೊಣಕಾಲೊಂದೇ ದಾರಿ ಅಲ್ಲ. ಕ್ರಿ.ಶ. 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪರ ಮಹಾಸಭೆ ಭಾನುವಾರಗಳಲ್ಲಿ ಮೊಣಕಾಲೂರಬೇಡಿ, ನಿಂತೇ ಪ್ರಾರ್ಥಿಸಿ ಎಂದು ನಿಯಮ ಮಾಡಿತ್ತು. ಯೇಸುವಿನ ಪುನರುತ್ಥಾನದ ದಿನ ಅದು, ಎದ್ದು ನಿಲ್ಲುವ ದಿನ. ಅಂದರೆ ಅವರಿಗೂ ನಿಲ್ಲುವುದಕ್ಕೆ ಒಂದು ಅರ್ಥ ಇತ್ತು. ಕಾಫಿ ಕಪ್ಪಿಗೆ ಏನರ್ಥ? ಕೈ ಖಾಲಿ ಇಲ್ಲ ಅಂತ ಅರ್ಥ, ಅಷ್ಟೆ. ಕೈ ಮುಗಿಯುವುದು ಹೇಗೆ?

ನಮ್ಮ ನಿಯಮದಲ್ಲೇ ಪರಮಪ್ರಸಾದದ (ನೀವು ಪ್ರಭುಭೋಜನ ಅನ್ನುವುದರ) ನಂತರ ಮೌನ ಇದೆ. ಅದನ್ನು ಪಾಲಿಸುವವರು ಕಡಿಮೆ. ಒಂದು ಕ್ಷಣ ಸುಮ್ಮನಾದರೆ ಸಾಕು, ಕೀಬೋರ್ಡ್‌ನವರು ಏನೋ ನುಡಿಸಿ ತುಂಬಿಸುತ್ತಾರೆ. ಡ್ರಮ್ಸ್ ಇರಲಿ, ಆ ಎರಡು ನಿಮಿಷ ವಾಪಸ್ ಕೊಡಿ ಸಾಕು ಅಂತೀನಿ.

ಹಳೇ_ಟೆನರ್:
ಕೈ ಅಂದಾಗ ನೆನಪಾಯಿತು. 1947ರಲ್ಲಿ ಸಿಎಸ್‌ಐ ಹುಟ್ಟಿದ ಮೇಲೆ, 1950ರಲ್ಲಿ ಕರ್ತನ ಭೋಜನದ ಹೊಸ ಕ್ರಮ ಬಂತು. ಆಂಗ್ಲಿಕನ್, ಮೆಥೋಡಿಸ್ಟ್, ಪ್ರೆಸ್ಬಿಟೇರಿಯನ್, ಎಲ್ಲರ ಪದ್ಧತಿ ಸೇರಿಸಿ ಮಾಡಿದ್ದು. ಅದರಲ್ಲಿ ಶಾಂತಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಒಬ್ಬರ ಅಂಗೈಯನ್ನು ಇನ್ನೊಬ್ಬರ ಎರಡು ಅಂಗೈ ನಡುವೆ ಇಟ್ಟು. ಕೇರಳದ ಸುರಿಯಾನಿ ಕ್ರೈಸ್ತರಿಂದ ಕಲಿತದ್ದು. ಪರದೇಶದ ಸಭೆಗಳು ಆಮೇಲೆ ನಮ್ಮನ್ನು ನೋಡಿ ಅಳವಡಿಸಿಕೊಂಡವು. ಕೊರೋನಾ ಬಂದಾಗ ನಿಂತಿತು. ನಮ್ಮ ಕಡೆ ಈಗಲೂ ದೂರದಿಂದ ತಲೆ ಅಲ್ಲಾಡಿಸಿ ಬಿಡುತ್ತಾರೆ. ಮಾತು ಬಿಟ್ಟ ಅಣ್ಣತಮ್ಮಂದಿರು ಆ ಒಂದು ಗಳಿಗೆ ಕೈ ಹಿಡಿಯಲೇಬೇಕಾಗಿತ್ತು, ಈಗ ಅದೂ ಇಲ್ಲ. ನನಗೆ ಹೊಗೆಗಿಂತ ಇದು ಜಾಸ್ತಿ ಬೇಸರ.

ಗಿಟಾರ್_ಕೈ:
ಅಂಕಲ್, ಇದು ನನಗೆ ಗೊತ್ತೇ ಇರಲಿಲ್ಲ. ನಮ್ಮಲ್ಲಿ 'ಪಕ್ಕದವರಿಗೆ ಹೈ-ಫೈವ್ ಕೊಡಿ' ಅಂತಾರೆ.

ಹಳೇ_ಟೆನರ್:
ದೇವರೇ.

ಬಲ್ಮಠದ_ಹುಡುಗ:
ಹೋದ ಭಾನುವಾರ ಅದೇ ಸಭೆಗೆ ಒಬ್ಬನೇ ಹೋಗಿದ್ದೆ. ಹೊಗೆ ಈಗಲೂ ಇಷ್ಟ ಆಗಲಿಲ್ಲ, 'ಜೋರಾಗಿ' ಅನ್ನುವವರೂ ಇಷ್ಟ ಆಗಲಿಲ್ಲ. ಆದರೆ ಈ ಸಲ ಸ್ಟೇಜ್ ನೋಡದೆ ಅಕ್ಕಪಕ್ಕ ನೋಡಿದೆ. ಎರಡು ಸಾಲು ಮುಂದೆ ಒಬ್ಬ ಅಜ್ಜ ಕನ್ನಡಕ ಜೇಬಿನಲ್ಲಿಟ್ಟು ಹಾಡುತ್ತಿದ್ದರು. ಊರಿನ ಪಾಸ್ಟರ್‌ಗೂ ಫೋನ್ ಮಾಡಿ, ಹಾಡುಗಳನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸಲು ಆಗುತ್ತಾ ಕೇಳಿದ್ದೇನೆ. ಖರ್ಚು ನನ್ನದು. 'ಕಮಿಟಿಯಲ್ಲಿ ಇಡ್ತೇನೆ' ಅಂದರು.

ಬೀದರ್_ಅಕ್ಕ:
ಕಮಿಟಿಗೆ ಕಾಯಬೇಡಿ. ಅಮ್ಮನವರ ನಾಲ್ಕು ಹಾಡು ನೀವೇ ಬರೆದು ಕಳಿಸಿ, ದಪ್ಪ ಪೆನ್ನಿನಲ್ಲಿ.

ಸೌಂಡ್_ಡೆಸ್ಕ್:
ಅಪ್‌ಡೇಟ್: ನಮ್ಮ ತಂಡದ ಜೊತೆ ಮಾತಾಡಿದೆ. ಹೊಗೆ ಮಷೀನ್‌ಗೆ ದುಡ್ಡು ಹಾಕಿ ಆಗಿದೆ, ಕ್ರಿಸ್‌ಮಸ್ ತನಕ ಇರಲಿ ಅಂದರು. ಕನ್ನಡ ಅಕ್ಷರ ಮುಂದಿನ ವಾರದಿಂದ, ಕೆಳಗೆ ಇಂಗ್ಲಿಷ್ ಅಕ್ಷರ ಚಿಕ್ಕದಾಗಿ. ಸ್ಕೇಲ್ ಇಳಿಸಿದ್ದೇವೆ.

ಹಳೇ_ಟೆನರ್:
ಎಷ್ಟು ಇಳಿಸಿದಿರಿ?

ಸೌಂಡ್_ಡೆಸ್ಕ್:
ಎರಡು.

ಹಳೇ_ಟೆನರ್:
ಇನ್ನೊಂದು ಇಳಿಸಿ.